ಊರು ಬಿಡಿಸುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಮಂಗಳೂರು, ಉಡುಪಿ ಕಡೆ ಮಗು ಜಿಮ್ನಾಸ್ಟಿಕ್ಸ್‌ನಲ್ಲಿ ಚುರುಕು ಅಂತ ಗೊತ್ತಾದರೆ ಸಾಕು, ಮನೆಯಲ್ಲಿ ಚರ್ಚೆ ಶುರು. ಬೆಂಗಳೂರಿಗೆ ಕಳಿಸುವುದಾ? ಹಾಸ್ಟೆಲಾ, ಅಮ್ಮನೂ ಜೊತೆಗೆ ಹೋಗುವುದಾ? ಒಂಬತ್ತು ವರ್ಷದ ಮಗುವಿಗೆ ಅಷ್ಟು ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಅಂತರರಾಷ್ಟ್ರೀಯ ಸೀನಿಯರ್ ಸ್ಪರ್ಧೆಗೆ ಹುಡುಗಿಗೆ ಆ ವರ್ಷ 16 ತುಂಬಬೇಕು, ಹುಡುಗನಿಗೆ 18. ಅಂದರೆ ಟೈಮ್ ಇದೆ. ನಮ್ಮ ದೇಶದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಕಲಿತದ್ದು ತನ್ನೂರು ತ್ರಿಪುರಾದ ಅಗರ್ತಲಾದಲ್ಲೇ, ಕೋಚ್ ಬಿಶ್ವೇಶ್ವರ ನಂದಿಯವರ ಕೈಯಲ್ಲಿ. 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ, ಅಂದರೆ ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ಸ್ಪರ್ಧೆಯಲ್ಲಿ, ನಾಲ್ಕನೆಯವರಾದಾಗ ಅವರಿಗೆ 23. ಕಂಚು ತಪ್ಪಿದ್ದು ಬರೀ 0.15 ಅಂಕದಲ್ಲಿ. 2024ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಚಿನ್ನ ಗೆದ್ದಾಗ ಮೂವತ್ತು!

ಮೊದಲು ಮಗು ಅಭ್ಯಾಸ ಮಾಡುವ ಜಾಗಕ್ಕೆ ಹೋಗಿ ಕೂತು ನೋಡಿ. ಟ್ರೋಫಿ ಕಪಾಟು ಬಿಡಿ, ನೆಲ ನೋಡಿ. ಮಗು ಇಳಿಯುವ ಮ್ಯಾಟನ್ನು ಮೊಣಕಾಲಿನಿಂದ ಒತ್ತಿ. ನಡುವೆ ಸ್ಪಂಜು ಸತ್ತು ನೆಲ ತಾಗುತ್ತಿದೆಯಾ? ಎರಡು ಮ್ಯಾಟ್‌ಗಳ ನಡುವೆ ಸಂದು ಬಿಟ್ಟಿದೆಯಾ? ಪಾದದ ಗಂಟು ಉಳುಕುವುದು ಅಂಥ ಕಡೆಯೇ. ಹುಡುಗಿಯರು ಮೇಲೆ ನಿಂತು ಕಸರತ್ತು ಮಾಡುವ ಉದ್ದನೆಯ ದಿಮ್ಮಿ, ಅಂದರೆ ಬೀಮ್, ಅಗಲ 10 ಸೆಂಟಿಮೀಟರ್, ಎತ್ತರ 1.25 ಮೀಟರ್. ಅದರ ಮೇಲೆ ಪಲ್ಟಿ ಹೊಡೆಸುವ ಮುಂಚೆ ನೆಲದ ಗೆರೆ ಮೇಲೆ, ಆಮೇಲೆ ಗಿಡ್ಡ ಬೀಮ್ ಮೇಲೆ ಕಲಿಸುತ್ತಾರಾ ಕೇಳಿ. ನಮ್ಮ ಮಳೆಗಾಲದಲ್ಲಂತೂ ಕೈಗೆ ಹಚ್ಚುವ ಚಾಕ್ ಪುಡಿಯೂ ತೇವ ಹಿಡಿಯುತ್ತದೆ. ಆ ದಿನ ಕೈಯಲ್ಲಿ ಹಿಡಿದು ತೂಗುವ ಬಾರ್ ಬೇಡ ಅನ್ನುವ ಕೋಚ್ ಸಿಕ್ಕರೆ ಬಿಡಬೇಡಿ.

ಹನ್ನೆರಡು ಹದಿಮೂರಕ್ಕೆ ಮಕ್ಕಳು ಸರ್ರನೆ ಉದ್ದವಾಗುತ್ತಾರೆ. ನಿನ್ನೆ ಬರುತ್ತಿದ್ದ ಪಲ್ಟಿ ಇವತ್ತು ಬರುವುದಿಲ್ಲ. ಅದು ಸೋಮಾರಿತನ ಅಲ್ಲ, ಮೈ ಅಳತೆಯೇ ಬದಲಾಗಿರುತ್ತದೆ. ಮಣಿಕಟ್ಟು, ಹಿಮ್ಮಡಿ ನೋವು ಅಂದರೆ ಎಣ್ಣೆ ತಿಕ್ಕಿ ಮತ್ತೆ ಕಳಿಸಬೇಡಿ. ಎಲುಬು ಬೆಳೆಯುವ ಜಾಗ ಅದು, ಡಾಕ್ಟರಿಗೆ ತೋರಿಸಿ. ತೂಕ ಇಳಿಸು ಅಂತ ಮಗುವಿಗೆ ಊಟ ಕಡಿಮೆ ಮಾಡಿಸುವ ಕೋಚ್ ಎಷ್ಟೇ ದೊಡ್ಡವರಿರಲಿ, ದೂರದಿಂದಲೇ ಕೈಮುಗಿಯಿರಿ.

ಈ ಜಿಮ್ನಾಸ್ಟಿಕ್ಸ್ ಮಗುವಿಗೆ ಬೇಸರ ಬಂದರೆ? ರಿಬ್ಬನ್, ಚೆಂಡು ಹಿಡಿದು ಮಾಡುವ ರಿದಮಿಕ್ ಜಿಮ್ನಾಸ್ಟಿಕ್ಸ್ ಇದೆ, ಟ್ರ್ಯಾಂಪೊಲಿನ್ ಇದೆ, ಡೈವಿಂಗ್ ಇದೆ. ಇಲ್ಲೇ ಮೂಡುಬಿದಿರೆಯಲ್ಲಿ ಮಲ್ಲಕಂಬವೂ ಇದೆಯಲ್ವಾ. ಕಲಿತ ಮೈ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ.

ಇಷ್ಟಾದ ಮೇಲೂ ಮಗುವೇ ಬೆಂಗಳೂರಿಗೆ ಹೋಗಬೇಕು ಅಂತ ಹಟ ಹಿಡಿದರೆ, ಬೇಸಿಗೆ ರಜೆಯಲ್ಲಿ ಮೂರು ನಾಲ್ಕು ವಾರ ಅಲ್ಲಿ ಬಿಟ್ಟು ನೋಡಿ. ಶಾಲೆಯ ಟಿ.ಸಿ. ಆಮೇಲೆ ತೆಗೆದುಕೊಂಡರಾಯಿತು.