ಬಾಯಿಯ ಕ್ಯಾನ್ಸರ್: ನೋವು ಬರಲೆಂದು ಕಾಯಬೇಡಿ

ಕೇಳುಗರಿಗೆ ನಮಸ್ಕಾರ.

ಹೊಟ್ಟೆಯೊಳಗೋ ಶ್ವಾಸಕೋಶದೊಳಗೋ ಬೆಳೆಯುವ ಗೆಡ್ಡೆಯನ್ನು ಪತ್ತೆಹಚ್ಚಲು ಸ್ಕ್ಯಾನಿಂಗ್, ಎಂಡೋಸ್ಕೋಪಿಗಳಂಥ ಪರೀಕ್ಷೆಗಳು ಬೇಕಾಗುತ್ತವೆ. ಬಾಯಿಯ ವಿಷಯ ಹಾಗಲ್ಲ. ಒಳ್ಳೆಯ ಬೆಳಕು ಮತ್ತು ಒಂದು ಕನ್ನಡಿ ಇದ್ದರೆ ಅದರ ಬಹುಭಾಗವನ್ನು ನಾವೇ ನೋಡಿಕೊಳ್ಳಬಹುದು. ಹೀಗಿದ್ದೂ, ಬಾಯಿಯ ಕ್ಯಾನ್ಸರ್‌ಗೆ ತುತ್ತಾದವರಲ್ಲಿ ಬಹಳಷ್ಟು ಮಂದಿ ವೈದ್ಯರ ಬಳಿಗೆ ಬರುವ ಹೊತ್ತಿಗೆ ರೋಗ ಬಲಿತಿರುತ್ತದೆ. ಇದಕ್ಕೆ ಕಾರಣಗಳು ಹಲವಿದ್ದರೂ, ನೋಯದ ಹುಣ್ಣಿನಿಂದ ಅಪಾಯವಿಲ್ಲವೆಂಬ ನಂಬಿಕೆಯೇ ಅವುಗಳಲ್ಲಿ ಮುಖ್ಯವಾದುದೆಂದು ನನ್ನ ಅಭಿಪ್ರಾಯ. ಊಟಮಾಡಲೂ ಬಿಡದಂತೆ ಉರಿಯುವ ಸಾಮಾನ್ಯ ಬಾಯಿಹುಣ್ಣು ಸಾಧಾರಣವಾಗಿ ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಕ್ಯಾನ್ಸರ್ ಹುಣ್ಣಾದರೋ ಆರಂಭದಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಆದ್ದರಿಂದ ನೋವನ್ನಲ್ಲ, ಅವಧಿಯನ್ನು ಗಮನಿಸಬೇಕು. ಎರಡು ವಾರ ಕಳೆದರೂ ಮಾಯದ ಯಾವುದೇ ಹುಣ್ಣನ್ನು ದಂತವೈದ್ಯರಿಗೆ ಅಥವಾ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಲೇಬೇಕು.

ಬಾಯಿಯ ಕ್ಯಾನ್ಸರ್‌ಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚಿನವು ಬಾಯಿಯ ಒಳಪದರದ ಜೀವಕೋಶಗಳಲ್ಲಿಯೇ ಹುಟ್ಟುವಂಥವು. ಹೊಗೆಸೊಪ್ಪು, ಅದನ್ನು ಸೇದಿದರೂ ಸರಿ, ಜಗಿದರೂ ಸರಿ, ಇದಕ್ಕೆ ಅತಿ ದೊಡ್ಡ ಕಾರಣ. ಮದ್ಯಪಾನವೂ ಅದರೊಡನೆ ಸೇರಿದರೆ, ಎರಡೂ ಪ್ರತ್ಯೇಕವಾಗಿ ತರುವ ಅಪಾಯಗಳ ಮೊತ್ತಕ್ಕಿಂತ ಎಷ್ಟೋ ಹೆಚ್ಚಿನ ಅಪಾಯ ಎದುರಾಗುತ್ತದೆ. ಹೊಗೆಸೊಪ್ಪು ಬೆರೆಸದ ಅಡಿಕೆ ಜಗಿದರೆ ಚಿಂತೆಯಿಲ್ಲವೆಂದು ಹಲವರು ಸಮಾಧಾನಪಟ್ಟುಕೊಳ್ಳುವುದುಂಟು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲನೆಯ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಗುಂಪಿಗೆ, ಸೇರಿಸಿದೆ. ಇವಾವುದರ ಅಭ್ಯಾಸವೂ ಇಲ್ಲದವರಲ್ಲಿ ಈ ರೋಗ ವಿರಳ, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ.

ಅನೇಕರಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವ ಎಷ್ಟೋ ಮೊದಲೇ ಬಾಯಿಯೊಳಗೆ ಬದಲಾವಣೆಗಳಾಗಿರುತ್ತವೆ. ಉಜ್ಜಿದರೂ ಹೋಗದ ಬಿಳಿಯ ಮಚ್ಚೆ ಅವುಗಳಲ್ಲೊಂದು. ವೈದ್ಯರು ಇದನ್ನು ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಮಖಮಲ್ಲಿನಂತೆ ಕಾಣುವ ಕೆಂಪು ಮಚ್ಚೆ ಅಪರೂಪವಾದರೂ ಬಿಳಿಯದಕ್ಕಿಂತ ಹೆಚ್ಚು ಅಪಾಯಕಾರಿ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಬಿಳಿಚಿ, ನಾರುಗಟ್ಟಿ, ಖಾರ ತಗುಲಿದರೆ ಉರಿದು, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಇನ್ನೊಂದು ಸ್ಥಿತಿಯುಂಟು. ಇಂಥ ಮಚ್ಚೆಗಳೆಲ್ಲವೂ ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆದೀತು, ಯಾವುದು ಆಗಲಾರದು ಎಂಬುದನ್ನು ಬರಿಗಣ್ಣಿನಿಂದ ನಿರ್ಧರಿಸಲಾಗದ ಕಾರಣ ತಜ್ಞರ ಪರೀಕ್ಷೆ ಅಗತ್ಯ.

ತಿಂಗಳಿಗೊಮ್ಮೆ ಬಾಯಿಯನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಕಟ್ಟಿಸಿದ ಹಲ್ಲುಗಳಿದ್ದರೆ ಅವನ್ನು ತೆಗೆದು, ತುಟಿಗಳನ್ನು ಮಡಚಿ, ಎರಡೂ ಕೆನ್ನೆಗಳ ಒಳಭಾಗವನ್ನೂ ವಸಡುಗಳನ್ನೂ ಅಂಗುಳವನ್ನೂ ನೋಡಿಕೊಳ್ಳಿ. ನಾಲಿಗೆಯ ಎರಡು ಅಂಚುಗಳಿಗೆ ಮತ್ತು ಅದರ ಅಡಿಭಾಗಕ್ಕೆ ವಿಶೇಷ ಗಮನ ಕೊಡಿ, ಏಕೆಂದರೆ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಜಾಗಗಳಲ್ಲಿ ಅವೂ ಸೇರಿವೆ. ಬೆರಳಿಗೆ ಗಟ್ಟಿಯಾಗಿ ತಗುಲುವ ಗಂಟು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ನಾಲಿಗೆ ಅಥವಾ ತುಟಿ ಜೋಮು ಹಿಡಿದಂತಾಗುವುದು, ಕುತ್ತಿಗೆಯಲ್ಲಿ ಇಳಿಯದ ಗಡ್ಡೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಹುಣ್ಣಿಗೆ ಚೂಪಾದ ಹಲ್ಲು ಕಾರಣವೆಂದು ತೋರಿದರೆ ವೈದ್ಯರು ಹಲ್ಲನ್ನು ಸರಿಪಡಿಸಿ ಎರಡು ವಾರಗಳ ನಂತರ ಮತ್ತೆ ಬರಹೇಳುತ್ತಾರೆ. ಹುಣ್ಣು ಮಾಯುತ್ತಿರುವಂತೆ ತೋರಿದರೂ ಆ ಎರಡನೆಯ ಭೇಟಿಯನ್ನು ತಪ್ಪಿಸಬೇಡಿ.

ಬಾಯೊಳಗೆ ಕಣ್ಣಾಡಿಸುವಷ್ಟರಿಂದಲೇ ಪ್ರಾಣ ಉಳಿದೀತೇ ಎಂದು ಕೇಳುವವರಿಗೆ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದ ಅಧ್ಯಯನವೊಂದರಲ್ಲಿ ಉತ್ತರವಿದೆ. 1996ರಲ್ಲಿ ಆರಂಭವಾಗಿ, 2005ರಲ್ಲಿ ಫಲಿತಾಂಶ ಪ್ರಕಟವಾದ ಈ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿ, ಅನುಮಾನ ಬಂದವರನ್ನು ವೈದ್ಯರ ಬಳಿಗೆ ಕಳುಹಿಸಿದರು. ಹೊಗೆಸೊಪ್ಪು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರ್‌ನಿಂದಾದ ಸಾವು ಶೇಕಡಾ 34ರಷ್ಟು ಕಡಿಮೆಯಾಯಿತು. ಒಟ್ಟು ಜನಸಂಖ್ಯೆಯನ್ನು ಗಣನೆಗೆ ತೆಗೆದುಕೊಂಡಾಗ ವ್ಯತ್ಯಾಸ ಅಷ್ಟು ಖಚಿತವಾಗಿರಲಿಲ್ಲ. ಆದ್ದರಿಂದ ತಪಾಸಣೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಈ ಅಭ್ಯಾಸಗಳಿರುವವರಿಗೆ.

ಅನುಮಾನಾಸ್ಪದ ಜಾಗದಿಂದ ಚಿಕ್ಕ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಬಯಾಪ್ಸಿಯೇ ಖಚಿತ ರೋಗನಿರ್ಣಯದ ದಾರಿ. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯದಿಂದ ಇದನ್ನು ನಿರಾಕರಿಸಿ, ಮುಲಾಮು ಹಚ್ಚಿಕೊಂಡು ತಿಂಗಳುಗಳನ್ನು ಕಳೆಯುವವರಿದ್ದಾರೆ. ಈ ಭಯಕ್ಕೆ ಆಧಾರವಿಲ್ಲ. ರೋಗವನ್ನು ಹರಡಲು ಬಿಡುವುದು ಆ ಕಳೆದುಹೋದ ತಿಂಗಳುಗಳೇ. ಗೆಡ್ಡೆ ಎರಡು ಸೆಂಟಿಮೀಟರಿಗಿಂತ ಚಿಕ್ಕದಿದ್ದು ಕುತ್ತಿಗೆಯ ಗ್ರಂಥಿಗಳಿಗೆ ಹರಡದಿದ್ದಾಗ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣಪಡಿಸಲು ಸಾಧ್ಯ. ತಡವಾದಂತೆ ದವಡೆಯ ಅಥವಾ ನಾಲಿಗೆಯ ಹೆಚ್ಚಿನ ಭಾಗವನ್ನು ತೆಗೆಯಬೇಕಾಗುತ್ತದೆ, ವಿಕಿರಣ ಚಿಕಿತ್ಸೆಯೂ ಕಿಮೋಥೆರಪಿಯೂ ಜೊತೆಗೂಡುತ್ತವೆ; ಮಾತು, ನುಂಗುವಿಕೆ, ಮುಖದ ಆಕಾರ ಎಲ್ಲವೂ ಬಾಧಿತವಾಗುತ್ತವೆ.

ಗುಣಮುಖರಾದವರಿಗೆ ಒಂದು ಮಾತು ಹೇಳಬೇಕು. ಹೊಗೆಸೊಪ್ಪಿನ ಪ್ರಭಾವ ಬಾಯಿಯ ಒಂದೇ ಜಾಗಕ್ಕೆ ಸೀಮಿತವಾಗಿರುವುದಿಲ್ಲವಾದ್ದರಿಂದ, ಬಾಯಿ ಅಥವಾ ಗಂಟಲಿನ ಬೇರೆ ಭಾಗದಲ್ಲಿ ಹೊಸ ಕ್ಯಾನ್ಸರ್ ಹುಟ್ಟುವ ಸಂಭವವಿರುತ್ತದೆ. ಅಭ್ಯಾಸವನ್ನು ಪೂರ್ತಿಯಾಗಿ ಬಿಟ್ಟರೆ ಈ ಸಂಭವ ತಗ್ಗುತ್ತದೆ, ಮುಂದುವರಿಸಿದರೆ ಹೆಚ್ಚುತ್ತದೆ. ವೈದ್ಯರು ತಿಳಿಸಿದ ಅವಧಿಗೊಮ್ಮೆ ತಪಾಸಣೆಗೆ ಹೋಗುವುದನ್ನು, ಏನೂ ತೊಂದರೆ ಕಾಣದಿದ್ದಾಗಲೂ, ನಿಲ್ಲಿಸಬಾರದು.