ಒಂದು ಮಗ್ ಫಾಲಾ

ಎಲ್ಲರಿಗೂ ನಮಸ್ಕಾರ.

2002ರಲ್ಲಿ ಆಫ್ರಿಕಾದ ಮಲಾವಿಯಲ್ಲಿ ಭೀಕರ ಬರ ಬಿದ್ದಿತ್ತು. ಮೊದಲು ನೆರೆ, ಆಮೇಲೆ ಮಳೆಯಿಲ್ಲ. ಮೆಕ್ಕೆಜೋಳ ಕೈಕೊಟ್ಟಿತ್ತು. ಕಷ್ಟಕಾಲಕ್ಕೆಂದು ಇಟ್ಟಿದ್ದ ಸರ್ಕಾರಿ ದಾಸ್ತಾನನ್ನೂ ಮಾರಿಬಿಟ್ಟಿದ್ದರು. ಆ ಸಮಯದಲ್ಲಿ ಸ್ಕಾಟ್ಲೆಂಡಿನ ಮ್ಯಾಗ್ನಸ್ ಮ್ಯಾಕ್‌ಫರ್ಲೇನ್-ಬ್ಯಾರೋ ಅಲ್ಲಿನ ಒಂದು ಗುಡಿಸಲಿಗೆ ಹೋದರು. ಏಡ್ಸ್‌ನಿಂದ ಕೊನೆಯ ದಿನಗಳನ್ನು ಎಣಿಸುತ್ತಿದ್ದ ತಾಯಿ ನೆಲದ ಮೇಲೆ ಮಲಗಿದ್ದರು. ಸುತ್ತ ಆರು ಮಕ್ಕಳು. ಹದಿನಾಲ್ಕು ವರ್ಷದ ಹಿರಿಯ ಮಗನನ್ನು, ‘ನಿನಗೇನು ಆಸೆ?’ ಎಂದು ಕೇಳಿದರು. ಹೊಟ್ಟೆ ತುಂಬ ಊಟ ಬೇಕು, ಒಂದು ದಿನ ಶಾಲೆಗೆ ಹೋಗಬೇಕು ಅಂದನಂತೆ.

ಮ್ಯಾಗ್ನಸ್ ಮೀನು ಸಾಕುತ್ತಿದ್ದವರು. ದೊಡ್ಡ ಯೋಜನೆ ಹಾಕಿಕೊಂಡು ಬಂದವರಲ್ಲ. 1992ರಲ್ಲಿ ಬೋಸ್ನಿಯಾ ಯುದ್ಧ ನಡೆಯುತ್ತಿದ್ದಾಗ ಅಣ್ಣತಮ್ಮ ಇಬ್ಬರೂ ಒಂದು ಜೀಪಿನಲ್ಲಿ ಕಂಬಳಿ, ಊಟದ ಸಾಮಾನು ತುಂಬಿಕೊಂಡು ಹೋಗಿದ್ದರು. ವಾಪಸ್ ಬರುವಷ್ಟರಲ್ಲಿ ಡಾಲ್‌ಮಲಿ ಊರಿನ ಅಪ್ಪನ ಶೆಡ್ ತುಂಬ ಜನ ತಂದುಕೊಟ್ಟ ಸಾಮಾನು! ಹತ್ತು ವರ್ಷ ಕಳೆದ ಮೇಲೆ ಆ ಹುಡುಗನ ಮಾತು ಕೇಳಿ, ಮಲಾವಿಯ 200 ಮಕ್ಕಳಿಗೆ ಶಾಲೆಯಲ್ಲೇ ಊಟ ಕೊಡಲು ಶುರು ಮಾಡಿದರು. ಯೇಸುವಿನ ತಾಯಿ ಮೇರಿಯ ಹೆಸರಿನಲ್ಲಿ ‘ಮೇರೀಸ್ ಮೀಲ್ಸ್’ ಎಂದು ಕರೆದರು. ಇವತ್ತು ಬೇರೆ ಬೇರೆ ದೇಶಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಈ ಊಟ ಮಾಡುತ್ತಾರೆ. ಮಲಾವಿಯಲ್ಲೇ 10 ಲಕ್ಷ ದಾಟಿದೆ. ಅದೇ 2002ರಲ್ಲಿ ನಮ್ಮ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಎರಡಕ್ಕೂ ಸಂಬಂಧ ಇಲ್ಲ. ಆದರೂ ನೆನಪಾಗುತ್ತದೆ, ಅಲ್ವಾ?

ಶಾಲೆಯಲ್ಲೇ ಯಾಕೆ ಊಟ? ಮಲಾವಿಯ ಪ್ರಾಥಮಿಕ ಶಾಲೆಗಳಲ್ಲಿ 1994ರಲ್ಲೇ ಫೀಸು ತೆಗೆದುಹಾಕಿದ್ದರು. ಆದರೆ ಹೊಟ್ಟೆಗಿಲ್ಲದ ಮಗು ಶಾಲೆಗೆ ಹೇಗೆ ಬರಬೇಕು? ಕೂಲಿಗೆ ಹೋಗುತ್ತದೆ, ಸೌದೆ ತರುತ್ತದೆ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ತುಂಬ ಕಷ್ಟ. ಹಳೇ ಕಾಳು ಖಾಲಿಯಾಗಿರುತ್ತದೆ, ಹೊಸ ಸುಗ್ಗಿ ಬರುವುದು ಏಪ್ರಿಲ್‌ನಲ್ಲಿ.

ಈಗ ಅಡುಗೆ ಜಾಗಕ್ಕೆ ಬನ್ನಿ. ನಸುಕಿನಲ್ಲೇ ಎದ್ದು ಊರಿನ ಅಮ್ಮಂದಿರು, ಅಜ್ಜಿಯರು ಶಾಲೆಗೆ ಬರುತ್ತಾರೆ. ಸೊಂಟಕ್ಕೆ ಚಿತೆಂಜೆ ಬಟ್ಟೆ, ಕೆಲವರ ಬೆನ್ನಿಗೆ ಕಟ್ಟಿಕೊಂಡ ಕೂಸು. ಒಲೆ ಹೊತ್ತಿಸಿ ದೊಡ್ಡ ಹಂಡೆಯಲ್ಲಿ ನೀರಿಡುತ್ತಾರೆ. ಅದಕ್ಕೆ ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟು. ಅದರಲ್ಲಿ ವಿಟಮಿನ್, ಖನಿಜಾಂಶ ಎಲ್ಲ ಮೊದಲೇ ಬೆರೆಸಿರುತ್ತಾರೆ. ಇದೇ ಲಿಕುನಿ ಫಾಲಾ. ಫಾಲಾ ಅಂದರೆ ಚಿಚೇವಾ ಭಾಷೆಯಲ್ಲಿ ಗಂಜಿ. ಗಂಟಾಗದ ಹಾಗೆ ತಿರುವುತ್ತಲೇ ಇರಬೇಕು. ನಮ್ಮ ಮುದ್ದೆ ಕೋಲಿಗಿಂತ ಎಷ್ಟೋ ಉದ್ದದ ಮರದ ಹುಟ್ಟು ಹಿಡಿದು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ತಿರುವುತ್ತಾರೆ. ಮಕ್ಕಳು ಬಣ್ಣಬಣ್ಣದ ಮಗ್ ಹಿಡಿದು ಸಾಲಾಗಿ ನಿಲ್ಲುತ್ತಾರೆ.

ಆ ಅಮ್ಮಂದಿರಿಗೆ ಸಂಬಳವಿಲ್ಲ. ಸರದಿ ಪ್ರಕಾರ ಬರುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಐದು ರೊಟ್ಟಿ, ಎರಡು ಮೀನಿನ ಕಥೆ ನಿಮಗೆಲ್ಲ ಗೊತ್ತು. ಯೋಹಾನನ ಸುವಾರ್ತೆಯಲ್ಲಿ ಅವು ಯಾರ ಹತ್ತಿರ ಇದ್ದವು? ಒಬ್ಬ ಹುಡುಗನ ಹತ್ತಿರ. ಅದೂ ಜವೆಗೋಧಿ ರೊಟ್ಟಿ, ಬಡವರ ರೊಟ್ಟಿ. ನಾವು ಆ ಕಥೆ ಓದುವಾಗ ತಿಂದ ಐದು ಸಾವಿರ ಜನರನ್ನು ನೆನೆಯುತ್ತೇವೆ, ಆ ಹುಡುಗನನ್ನು ಮರೆಯುತ್ತೇವೆ. ಮಲಾವಿಯಲ್ಲೂ ಅಷ್ಟೇ. ಹಿಟ್ಟಿಗೆ ದುಡ್ಡು ಕೊಟ್ಟವರ ಹೆಸರು ಹೊರಗೆ ಕೇಳುತ್ತದೆ. ಒಲೆ ಮುಂದೆ ನಿಂತವರ ಹೆಸರು ಕೇಳುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಆಫ್ರಿಕಾದ ಮಕ್ಕಳಿಗಾಗಿ ನಮ್ಮ ಕ್ರೈಸ್ತ ಸಂಸ್ಥೆಗಳು ಎಷ್ಟೋ ಅನಾಥಾಲಯ ಕಟ್ಟಿವೆ. ಕಟ್ಟಿದವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಜಗತ್ತಿನಾದ್ಯಂತ ಇಂಥ ಕಡೆ ಇರುವ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ. ಬಡತನಕ್ಕೆ ಹೆದರಿ ಬಿಟ್ಟುಹೋಗಿರುತ್ತಾರೆ. ಶಾಲೆಯಲ್ಲಿ ಊಟ ಸಿಕ್ಕಿದರೆ ಆ ಮಗು ಸಂಜೆ ತನ್ನ ಅಜ್ಜಿಯ ಮನೆಗೇ ಹೋಗಬಹುದು. ಹೊಸದಾಗಿ ಏನಾದರೂ ಕಟ್ಟಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ: ಅಡುಗೆಮನೆ ಕಟ್ಟಿ.

ಊಟಕ್ಕೆ ಧರ್ಮ ಕೇಳುವುದಿಲ್ಲ. ಮಲಾವಿಯ ದಕ್ಷಿಣದ ಮಂಗೋಚಿ ಕಡೆ ‘ಯಾವೋ’ ಎಂಬ ಜನಾಂಗದ ಮುಸ್ಲಿಮರು ಜಾಸ್ತಿ. ಮೇರಿಯ ಹೆಸರಿನ ಗಂಜಿ ಎಲ್ಲ ಮಕ್ಕಳಿಗೂ ಒಂದೇ.

ನನಗೆ ಒಂದು ಚಿಂತೆ ಇದೆ. ಒಂದು ಮಗುವಿನ ಇಡೀ ವರ್ಷದ ಊಟಕ್ಕೆ ನಮ್ಮ ದುಡ್ಡಿನಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸು ಸಾಕು. ಆದರೂ ಅದು ದೂರದ ದೇಶಗಳ ಜನ ಮನಸ್ಸು ಮಾಡಿ ಕೊಡುವ ದುಡ್ಡು. ಅಲ್ಲಿ ಕೈ ಬಿಗಿಯಾದರೆ ಮಲಾವಿಯಲ್ಲಿ ಹಂಡೆ ಖಾಲಿ. ಮಲಾವಿ ಸರ್ಕಾರವೇ ಇದನ್ನು ಪೂರ್ತಿ ಹೊತ್ತುಕೊಳ್ಳುವ ಶಕ್ತಿ ಪಡೆಯಲಿ ಎಂದು ನಾನು ಪ್ರಾರ್ಥಿಸುತ್ತೇನೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದವು. ಹಂಡೆ ಆರಿತು, ಮಗ್‌ಗಳು ಮನೆಯಲ್ಲೇ ಉಳಿದವು. ಆಗ ಹಿಟ್ಟನ್ನೇ ಮಕ್ಕಳ ಮನೆಗಳಿಗೆ ಹಂಚಿದರು. ಶಾಲೆಯ ಫಾಲಾ ಮನೆಯ ಒಲೆಯ ಮೇಲೆ ಬೆಂದಿತು.