ಪೇಜರ್ ಕಿತ್ತುಹಾಕಬೇಡಿ, ಸರಿ ಮಾಡಿ

ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಬ್ರಾಂಚ್‌ಗಳ (ಕೆಲಸದ ಕವಲುಗಳ) ಪಟ್ಟಿ ನೋಡಲು ಟರ್ಮಿನಲ್‌ನಲ್ಲಿ ‘ಗಿಟ್ ಬ್ರಾಂಚ್’ ಅಂತ ಟೈಪ್ ಮಾಡುತ್ತೀರಿ. ಇರುವುದು ಮೂರೇ ಬ್ರಾಂಚ್. ಅಷ್ಟಕ್ಕೆ ಇಡೀ ಸ್ಕ್ರೀನ್ ಖಾಲಿಯಾಗಿ, ಕೆಳಗೆ ‘ಎಂಡ್’ ಅಂತ ಬಂದು ನಿಲ್ಲುತ್ತದೆ. ಕ್ಯೂ ಒತ್ತಿದರೆ ಆ ಮೂರು ಸಾಲೂ ಮಾಯ. ಇದು ಪೇಜರ್‌ನ ಕೆಲಸ, ಅಂದರೆ ಉದ್ದದ ಔಟ್‌ಪುಟ್ ಅನ್ನು ಪುಟ ಪುಟವಾಗಿ ತೋರಿಸುವ ಪ್ರೋಗ್ರಾಂ. ಸಿಟ್ಟು ಬರುತ್ತದೆ, ಅಲ್ವಾ? ತುಂಬಾ ಜನ ಆಗ ಪೇಜರ್ ಯಾವುದು ಅಂತ ಹೇಳುವ ಗಿಟ್ ಸೆಟ್ಟಿಂಗ್ ಕೋರ್.ಪೇಜರ್ ಅನ್ನು, ಎಲ್ಲವನ್ನೂ ಒಂದೇ ಸಲಕ್ಕೆ ಸುರಿಯುವ ‘ಕ್ಯಾಟ್’ ಮಾಡಿ ಕೈತೊಳೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಯಾಕೆ ಅಂದರೆ, ನಾಳೆ ಇತಿಹಾಸ ನೋಡಲು ಗಿಟ್ ಲಾಗ್ ಕೊಟ್ಟಾಗ ಸಾವಿರಾರು ಸಾಲು ಸರ್ರನೆ ಓಡಿಹೋಗುತ್ತವೆ. ನಿಮಗೆ ಬೇಕಾದ ಹೊಸ ಕಮಿಟ್ (ದಾಖಲಾದ ಬದಲಾವಣೆ) ಎಲ್ಲೋ ಮೇಲೆ ಉಳಿಯುತ್ತದೆ. ಗಿಟ್ ಸಾಮಾನ್ಯವಾಗಿ ಬಳಸುವ ಪೇಜರ್ ಆದ ಲೆಸ್ ಇದ್ದರೆ ಮೊದಲ ಪುಟ ತಕ್ಷಣ ಕಾಣುತ್ತದೆ. ನೀವು ಕೆಳಗೆ ಹೋದಷ್ಟೇ ಅದು ಓದುತ್ತದೆ, ಕ್ಯೂ ಒತ್ತಿದರೆ ಗಿಟ್ ಕೂಡ ಅಲ್ಲಿಗೇ ನಿಲ್ಲುತ್ತದೆ. ಸ್ಲ್ಯಾಶ್ ಒತ್ತಿ ಹುಡುಕಬಹುದು. ಆಂಪರ್‌ಸ್ಯಾಂಡ್ ಒತ್ತಿ ಒಂದು ಪದ ಕೊಟ್ಟರೆ ಆ ಪದ ಇರುವ ಸಾಲುಗಳು ಮಾತ್ರ ಉಳಿಯುತ್ತವೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇಷ್ಟನ್ನೆಲ್ಲ ಮೂರು ಸಾಲಿನ ಕಿರಿಕಿರಿಗೆ ಬಿಟ್ಟುಕೊಡುವುದಾ?

ಆ ಕಿರಿಕಿರಿ ಎಲ್ಲಿಂದ ಬರುತ್ತದೆ ನೋಡಿ. ಲೆಸ್‌ಗೆ ಆಯ್ಕೆಗಳನ್ನು ಹೇಳುವ, ಅದೇ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್ ಇಲ್ಲದಿದ್ದರೆ ಗಿಟ್ ತಾನೇ ಅದಕ್ಕೆ ಎಫ್, ಆರ್, ಎಕ್ಸ್ (ಎಲ್ಲವೂ ದೊಡ್ಡಕ್ಷರ) ಅಂತ ಕೊಡುತ್ತದೆ. ಎಫ್ ಅಂದರೆ ಒಂದೇ ಸ್ಕ್ರೀನ್‌ನಲ್ಲಿ ಹಿಡಿದರೆ ತೋರಿಸಿ ಹೊರಗೆ ಬಾ. ಆರ್ ಬಣ್ಣಕ್ಕೆ. ಎಕ್ಸ್ ಇದ್ದರೆ ಹೊರಗೆ ಬಂದ ಮೇಲೂ ಓದಿದ್ದು ಸ್ಕ್ರೀನ್ ಮೇಲೆ ಉಳಿಯುತ್ತದೆ. ಆದರೆ ಶೆಲ್ ಶುರುವಾಗುವಾಗ ಓದುವ ನಿಮ್ಮ ಬ್ಯಾಷ್‌ಆರ್‌ಸಿ ಫೈಲ್‌ನಲ್ಲಿ ಆ ವೇರಿಯಬಲ್‌ಗೆ ಯಾವತ್ತೋ ಹಾಕಿದ ಬರೀ ‘ಮೈನಸ್ ಆರ್’ ಕೂತಿದ್ದರೆ ಗಿಟ್ ಅದನ್ನು ಮುಟ್ಟುವುದಿಲ್ಲ. ಎಫ್ ಸಿಗುವುದೇ ಇಲ್ಲ. ಅಲ್ಲಿ ಒಂದು ಎಫ್ ಸೇರಿಸಿ, ಮುಗಿಯಿತು. ನಿಮ್ಮ ಲೆಸ್ ಆವೃತ್ತಿ 530ಕ್ಕಿಂತ ಹಳೆಯದಾದರೆ ಎಕ್ಸ್ ಕೂಡ ಬೇಕು. ಹೊಸದಾದರೆ ಎಫ್ ಒಂದೇ ಸಾಕು. ಎಕ್ಸ್ ಹಾಕಿದರೆ ಕೆಲವು ಟರ್ಮಿನಲ್‌ಗಳಲ್ಲಿ ಮೌಸ್ ಚಕ್ರ ಪೇಜರ್ ಒಳಗೆ ಕೆಲಸ ಮಾಡುವುದಿಲ್ಲ. ಹಾಗಾಗಿ ಸುಮ್ನೆ ಹಾಕಬೇಡಿ.

ಬ್ರಾಂಚ್ ಪಟ್ಟಿಗೆ ಪೇಜರ್ ಬೇಡವೇ ಬೇಡ ಅನ್ನುವವರು ಗಿಟ್ ಸೆಟ್ಟಿಂಗ್‌ಗಳಲ್ಲಿ ಪೇಜರ್.ಬ್ರಾಂಚ್ ಅನ್ನು ಮಾತ್ರ ಫಾಲ್ಸ್ ಮಾಡಿ. ಲಾಗ್, ಡಿಫ್ ಎರಡನ್ನೂ ಹಾಗೇ ಬಿಡಿ. ಒಂದು ಸಲಕ್ಕೆ ಸಾಕಾದರೆ ಗಿಟ್ ಪಕ್ಕದಲ್ಲೇ ‘ನೋ-ಪೇಜರ್’ ಹಾಕಿ.

ಬದಲಾಯಿಸಿದರೂ ಏನೂ ಆಗಲಿಲ್ಲವಾ? ಗಿಟ್ ಮೊದಲು ನೋಡುವುದು ಗಿಟ್_ಪೇಜರ್ ವೇರಿಯಬಲ್, ಆಮೇಲೆ ಕೋರ್.ಪೇಜರ್, ಅದೂ ಇಲ್ಲದಿದ್ದರೆ ಪೇಜರ್ ವೇರಿಯಬಲ್. ಮೇಲಿನದರಲ್ಲಿ ಹಳೆಯದೇನಾದರೂ ಉಳಿದಿದ್ದರೆ ಕೆಳಗೆ ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ. ಹುಡುಕಾಟ ಅಲ್ಲಿಂದಲೇ ಶುರು ಮಾಡಿ.